ಶತಮಾನದ ಶಾಲೆಯೂ ಇಪ್ಪತ್ತಡಿ ಫ್ಲೆಕ್ಸೂ

ಸುದ್ದಿ ನೀವೂ ಓದಿದ್ದೀರಿ. ಕೋಲಾರದ ಕಡೆಯ ಶಾಲೆಯೊಂದಕ್ಕೆ ನೂರು ವರ್ಷ ತುಂಬಿತಂತೆ, ಹಳೇ ಕಟ್ಟಡ ಉಳಿಸಲು ಊರಿಗೆ ಊರೇ ಒಂದಾಗಿದೆಯಂತೆ. ಊರಿನ ಹೆಸರು ಬೇಡ. ಮಾಲೂರಿನಿಂದ ಮುಳಬಾಗಿಲಿನವರೆಗೆ ಎಲ್ಲಿ ಬೇಕಾದರೂ ಇಟ್ಟು ಓದಿಕೊಳ್ಳಿ, ಅಳತೆ ಸರಿಹೋಗುತ್ತದೆ. ಮುಂದೆ ಶಾಮಿಯಾನ, ಶಾಲು, ಮೈಸೂರು ಪೇಟ. ಹಿಂದೆ ಕಟ್ಟಡ, ಬಾಗಿಲಿಗೆ ಬೀಗ, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ‘ಶಿಥಿಲ ಕಟ್ಟಡ, ಪ್ರವೇಶವಿಲ್ಲ’. ಭಾಷಣಕಾರರೆಲ್ಲ ಆ ಬರಹಕ್ಕೆ ಬೆನ್ನು ಹಾಕಿ ಮಾತಾಡಿದರು. ಪಾಪ, ಅವರ ತಪ್ಪಲ್ಲ, ವೇದಿಕೆ ಕಟ್ಟಿದ್ದೇ ಹಾಗೆ.

ಜನರ ಬೆಂಬಲ ಗಳಿಸುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮೊದಲು ವಾಟ್ಸ್‌ಆ್ಯಪ್ ಗುಂಪು. ಆಮೇಲೆ ಗೌರವಾಧ್ಯಕ್ಷ, ಅಧ್ಯಕ್ಷ, ಕಾರ್ಯಾಧ್ಯಕ್ಷ, ಮೂರು ಜನ ಉಪಾಧ್ಯಕ್ಷರು. ಏಣಿ ಹತ್ತುವವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲ ಹುದ್ದೆಗಳೂ ಭರ್ತಿ. ಆಮೇಲೆ ಫ್ಲೆಕ್ಸ್.

ಈ ಫ್ಲೆಕ್ಸಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಅಗಲ ಇಪ್ಪತ್ತಡಿ, ಎತ್ತರ ಹತ್ತಡಿ, ಅಂದರೆ 200 ಚದರ ಅಡಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ; ಫ್ಲೆಕ್ಸಿನಷ್ಟೇ ಜಾಗಕ್ಕೆ, ಅಂದರೆ ಹದಿನೆಂಟೂವರೆ ಚದರ ಮೀಟರಿಗೆ, 280 ಹೆಂಚು ಸಾಕು. ಫ್ಲೆಕ್ಸಿಗೆ ಚೌಕಟ್ಟು ಬೇಕೆಂದು ಹೊಸ ರೀಪು, ಅಂದರೆ ಮರದ ತೆಳು ಪಟ್ಟಿ ಬಂತು. ಶಾಲೆಯ ಹೆಂಚಿನ ಮಾಡಿಗೂ ಬೇಕಿದ್ದದ್ದು ರೀಪೇ. ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲೇ ಸರ್ಕಾರ ನಿಷೇಧಿಸಿದೆ ಎಂದು ನೆನಪಿಸಲು ಹೋಗಬೇಡಿ, ನಿಷೇಧಿಸಿದವರ ಪೈಕಿಯವರೇ ಅದರೊಳಗಿಂದ ಕೈಮುಗಿಯುತ್ತಿರುತ್ತಾರೆ. ನನ್ನದೊಂದು ಸಲಹೆ: ಸಮಾರಂಭ ಮುಗಿದ ಮೇಲೆ ಅದನ್ನು ಕಳಚಿ ಸೋರುವ ಕೊಠಡಿಯ ಮೇಲೆ ಹಾಸಿಬಿಡಿ. ಮಳೆಯಲ್ಲಿ ಮಕ್ಕಳನ್ನು ಕಾಪಾಡಿದವರು ಶಾಸಕರೇ ಎಂದು ಆಗ ಸುಳ್ಳಿಲ್ಲದೆ ಹೇಳಬಹುದು.

ಕಟ್ಟಡ ಹಾಳಾಗುವ ಬಗೆಯಲ್ಲಿ ಗುಟ್ಟೇನಿಲ್ಲ. ಕೋತಿ ಹಾರಿಯೋ ಕೊಂಬೆ ಬಿದ್ದೋ ಒಂದು ಹೆಂಚು ಒಡೆಯುತ್ತದೆ. ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಅದನ್ನು ಹೊತ್ತ ದಪ್ಪ ಮರಕ್ಕೆ, ಅಂದರೆ ಜಂತೆಗೆ. ಜಂತೆ ಗೋಡೆಯೊಳಗೆ ಸೇರುವ ತುದಿ ಮೊದಲು ಕೊಳೆಯುತ್ತದೆ, ಏಕೆಂದರೆ ಅಲ್ಲಿ ಗಾಳಿಯಾಡುವುದಿಲ್ಲ. ಗೆದ್ದಲಿಗೂ ಅದೇ ಇಷ್ಟ. ಗೋಡೆ ಒಳಗೆ ಕಲ್ಲು ಮತ್ತು ಮಣ್ಣು, ಹೊರಗೆ ಮಾತ್ರ ಸುಣ್ಣದ ಗಾರೆ. ನೆತ್ತಿಯಿಂದ ನೀರಿಳಿದರೆ ಮಣ್ಣು ಕರಗುತ್ತದೆ, ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ. ಅದನ್ನು ಪ್ರತಿವರ್ಷ ಶ್ರಮದಾನದಲ್ಲಿ ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮೇಲೆ ಕತ್ತರಿಸಿದಷ್ಟೂ ಬೇರು ದಪ್ಪವಾಗುತ್ತದೆ. ಆ ಭಾಗದ ಕಲ್ಲು ಬಿಚ್ಚಿ, ಬೇರು ಪೂರ್ತಿ ತೆಗೆದು, ಕಲ್ಲನ್ನು ಮತ್ತೆ ಕೂರಿಸಬೇಕು. ಅದು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ. ಏಪ್ರಿಲ್ ರಜೆಯಲ್ಲಿ ಇಬ್ಬರು ಮಾಡು ಹತ್ತಿ, ಎಲೆಕಸ ಗುಡಿಸಿ, ಒಡೆದ ಹೆಂಚು ಬದಲಿಸಿದ್ದರೆ ಕಟ್ಟಡ ಈ ಶಿಥಿಲಪಟ್ಟಿಗೆ ಸೇರುತ್ತಲೇ ಇರಲಿಲ್ಲ.

ಬದಲಿಗೆ ಬಣ್ಣ ಬಳಿದರು. ಶಾಲೆಯ ಗೋಡೆಯನ್ನು ರೈಲು ಬೋಗಿ ಮಾಡುವ ಕಲೆ ಗೊತ್ತಲ್ಲ, ಕಿಟಕಿಗೆ ಕಿಟಕಿ, ಬಾಗಿಲಿಗೆ ಬಾಗಿಲು. ಶ್ರೀನಿವಾಸಪುರಕ್ಕೆ ಬರಬೇಕಿದ್ದ ರೈಲ್ವೆ ಕೋಚ್ ಕಾರ್ಖಾನೆ ಬರಲೇ ಇಲ್ಲ ಎಂದು ಕೊರಗುವವರು ಸಮಾಧಾನ ಮಾಡಿಕೊಳ್ಳಬೇಕು: ಜಿಲ್ಲೆಯಲ್ಲಿ ಬೋಗಿ ತಯಾರಿಕೆ ನಡೆದೇ ಇದೆ, ಹಳಿಯ ಖರ್ಚೂ ಉಳಿಯಿತು. ತೊಂದರೆ ಇಷ್ಟೇ, ಸುಣ್ಣದ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುವಂಥದ್ದು. ಎನಾಮಲ್ ಬಳಿದರೆ, ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಉಪ್ಪು ಮೇಲೆದ್ದು ಬಣ್ಣ ಗುಳ್ಳೆಯೇಳುತ್ತದೆ. ಎರಡು ಮಳೆಗಾಲ ಕಳೆದರೆ ಬೋಗಿ ಹಳಿ ತಪ್ಪಿದ ಹಾಗೇ ಕಾಣುತ್ತದೆ. ಆಗ ಎಂಜಿನಿಯರ್ ಬಂದು ಬೆರಳಿನಿಂದ ಕೆರೆದು ಹೇಳುತ್ತಾರೆ: “ಗೋಡೇಲಿ ಜೀವ ಇಲ್ಲ ಬಿಡಿ, ಕೆಡವಿ ಆರ್‌ಸಿಸಿ ಹಾಕೋಣ.”

ಗೋಡೆಗೆ ಜೀವವಿತ್ತು ಸ್ವಾಮಿ. ಬೇಕಿದ್ದದ್ದು ಸುಣ್ಣ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಸೋಸಿ, ಕನಿಷ್ಠ ಹದಿನೈದು ದಿನ ನೆನೆಯಲು ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಅಳಲೆಕಾಯಿ, ಬೆಲ್ಲ ನೆನೆಸಿದ ನೀರು. ತೆಳುವಾಗಿ ಒಂದೊಂದೇ ಪದರ ಹಚ್ಚಿ, ಒದ್ದೆ ಗೋಣಿ ಹೊದಿಸಿ ಕಾಯಬೇಕು. ಸಿಮೆಂಟ್ ಒಂದೇ ದಿನದಲ್ಲಿ ಬಿಗಿದುಕೊಂಡರೆ ಸುಣ್ಣ ಗಾಳಿ ಕುಡಿದು ವಾರಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಲ್ ಪಾಸಾಗಬೇಕಿರುವುದು ಮಾರ್ಚ್ 31ರೊಳಗೆ. ಅದು ಸುಣ್ಣಕ್ಕೆ ಗೊತ್ತಿಲ್ಲ.

ಕೆಡವಿದರೆ ಲಾಭವೂ ಇದೆ. ಹಳೇ ತೊಲೆ, ಬಾಗಿಲು, ಕಲ್ಲುಚಪ್ಪಡಿ ಹರಾಜಿಗೆ ಬರುತ್ತವೆ. ಕಟ್ಟಡ ನಿಂತಿರುವಾಗ ಅದೇ ತೊಲೆ ‘ಕೊಳೆತದ್ದು’, ಹರಾಜಿನ ಮರುದಿನ ಯಾರದೋ ತೋಟದ ಮನೆಯಲ್ಲಿ ‘ಎಂಥಾ ಮರ ನೋಡಿ’!

ಇಷ್ಟೆಲ್ಲ ನಗುತ್ತ ಬರೆಯುವಾಗ ಆ ಮಕ್ಕಳು ಎರಡು ತರಗತಿ ಒಂದೇ ಕೊಠಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಒಂದು ಕಡೆ ಭಿನ್ನರಾಶಿ, ಇನ್ನೊಂದು ಕಡೆ ಪದ್ಯ. ನಾಚಿಕೆಯಾಗಬೇಕು. ದುಡ್ಡಿಲ್ಲ ಎಂದರೆ ನಂಬೋಣವೆಂದರೆ, ಮುಂಬಾಗಿಲಲ್ಲಿ ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಕಮಾನು ನಿಂತಿದೆ.

ಇನ್ನೂ ಕೆಟ್ಟದ್ದು ಕಾಗದದಲ್ಲಿದೆ. ಇಂಥ ಎಷ್ಟೋ ಶಾಲೆಗಳ ಜಾಗ ಯಾರೋ ಪುಣ್ಯಾತ್ಮರು ಬಾಯಿಮಾತಿನಲ್ಲಿ ಕೊಟ್ಟದ್ದು. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು. ಹೆದ್ದಾರಿ ಪಕ್ಕದಲ್ಲಿ ಸೈಟಿನ ಬೆಲೆ ಏರಿದ ದಿನ ಮೊಮ್ಮಕ್ಕಳಿಗೆ ತಾತನ ಆಸ್ತಿ ನೆನಪಾಗುತ್ತದೆ. ದಾನಿಯ ಮನೆಯ ಹಿರಿಯರು ಇರುವಾಗಲೇ ಪತ್ರ ಬರೆಸಿ ನೋಂದಾಯಿಸಿ, ಸರ್ವೆ ಮಾಡಿಸಿ, ಪಂಚಾಯಿತಿಯ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನಲ್ಲಿ ಶಾಲೆಯ ಹೆಸರಿಗೆ ಖಾತೆ ಮಾಡಿಸಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಮಾತೆತ್ತಿ ನೋಡಿ. “ಅದೆಲ್ಲಾ ಆಮೇಲೆ ನೋಡೋಣ ಬಿಡಣ್ಣಾ, ಮೊದ್ಲು ಸ್ಮರಣ ಸಂಚಿಕೆಗೆ ಜಾಹೀರಾತು ಯಾರ್ ತರ್ತೀರ ಹೇಳಿ” ಅನ್ನುತ್ತಾರೆ.