ಸುರಂಗ ಆಮೇಲೆ, ಮಲ್ಲಿಗೆ ಮೊದಲು

ಸುರಂಗ ರಸ್ತೆಯಂಥ ಬೆಂಗಳೂರಿನ ಹೊಸ ಯೋಜನೆಗಳ ಗ್ರಾಫಿಕ್ಸ್ ವಿಡಿಯೋಗಳನ್ನು ನೋಡಿದ್ದೀರಲ್ವಾ? ಆ ಊರಲ್ಲಿ ವಾಟರ್ ಟ್ಯಾಂಕರ್ ಇಲ್ಲ. ರಾಂಗ್ ಸೈಡಲ್ಲಿ ನುಗ್ಗುವ ಬೈಕಿಲ್ಲ. ಮಳೆಯಂತೂ ಬರುವುದೇ ಇಲ್ಲ. ಕಾರುಗಳೆಲ್ಲ ಈಗಷ್ಟೇ ತೊಳೆದು ತಂದ ಹಾಗಿರುತ್ತವೆ. ಬಸ್ಸಿಗೆ ಕಾಯುವವರು ಒಬ್ಬರೂ ಕಾಣುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ದೊಡ್ಡ ಯೋಜನೆ ಅಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ಈ ಊರು ನಡೆಯುತ್ತಿರುವುದೇ ಅಂಥ ಹುಚ್ಚು ಸಾಹಸಗಳಿಂದ. ಸುಮಾರು 100 ಕಿ.ಮೀ. ಆಚೆಯ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮೇಲೆತ್ತಿ ನಮ್ಮ ನಲ್ಲಿಗೆ ಬಿಡುತ್ತಾರೆ. ಸಣ್ಣ ಮಾತಾ? 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತವನ್ನು ಕಟ್ಟಿದ್ದೇ ದಿನಕ್ಕೆ 77.5 ಕೋಟಿ ಲೀಟರ್ ತರಲಿಕ್ಕೆ. ಮೆಟ್ರೋ ಕಥೆಯೂ ಅಷ್ಟೇ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ, ಮಕ್ಕಳನ್ನು ಸುತ್ತಾಡಿಸಲಿಕ್ಕೆ ಚೆನ್ನಾಗಿದೆ ಅಂತ ನಕ್ಕವರಿದ್ದರು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಬೆನ್ನಿಗೇ ಇಡೀ ಮೆಟ್ರೋದಲ್ಲಿ ಒಂದೇ ದಿನ 10 ಲಕ್ಷಕ್ಕಿಂತ ಜಾಸ್ತಿ ಜನ ಓಡಾಡಿದರು.

ಹಾಗಾಗಿ ನನ್ನ ತಕರಾರು ಗಾತ್ರದ ಬಗ್ಗೆ ಅಲ್ಲ, ಸರದಿಯ ಬಗ್ಗೆ.

ಊರಿನ ಉತ್ತರದ ಹೆಬ್ಬಾಳದಿಂದ ದಕ್ಷಿಣದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಮಾಡಲು ಸರ್ಕಾರ ಹೊರಟಿದೆ. ಉದ್ದ ಸುಮಾರು 17 ಕಿ.ಮೀ., ಅಂದಾಜು 17 ಸಾವಿರ ಕೋಟಿಗೂ ಮೇಲೆ. ಈಗ ಉಪನಗರ ರೈಲು ನೋಡಿ. ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. 2020ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ಅಂದಾಜು 15,767 ಕೋಟಿ. ಈಗ ಅದು ಏರಿರುತ್ತದೆ, ಇರಲಿ. ಆದರೂ ಒಂದು ಕಡೆ ಕಿ.ಮೀ.ಗೆ ಸಾವಿರ ಕೋಟಿ, ಇನ್ನೊಂದು ಕಡೆ ನೂರು ಚಿಲ್ಲರೆ ಕೋಟಿ. ಒಂದರಲ್ಲಿ ಕಾರಿದ್ದವರು ಟೋಲ್ ಕೊಟ್ಟು ಹೋಗಬೇಕು. ಇನ್ನೊಂದರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಹೂವಿನ ಬುಟ್ಟಿ ಹೊತ್ತವರು, ಎಲ್ಲರೂ ಹತ್ತಬಹುದು.

ಉಪನಗರ ರೈಲಿನ ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರಿಟ್ಟರು. 2022ರ ಜೂನಿನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. ಆ 40 ತಿಂಗಳು 2025ರ ಅಕ್ಟೋಬರಿಗೆ ತುಂಬಿತು. ಒಂದು ರೈಲೂ ಓಡಲಿಲ್ಲ.

ತಮಾಷೆ ಏನು ಗೊತ್ತಾ? ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಮಲ್ಲಿಗೆ ಮಾರ್ಗ ಹಾಯುವುದು ಇದೇ ಹೆಬ್ಬಾಳದ ಮೇಲೆ! ಸಾಲದ್ದಕ್ಕೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳ ಮುಟ್ಟಿ ಏರ್‌ಪೋರ್ಟಿಗೆ ಹೋಗುವ ಮೆಟ್ರೋ ನೀಲಿ ಮಾರ್ಗದ ಕಾಮಗಾರಿಯೂ ಶುರುವಾಗಿ ವರ್ಷಗಳೇ ಆಗಿವೆ. ಸುರಂಗದ ಎರಡು ತುದಿಗಳನ್ನು ಜೋಡಿಸುವ ಕೆಲಸ ಆಗಲೇ ನಡೆಯುತ್ತಿದೆ ಅಂತಾಯಿತು. ಅದನ್ನು ಬೇಗ ಮುಗಿಸುವುದು ಬಿಟ್ಟು ಅದೇ ತುದಿಗಳಿಗೆ ಇನ್ನೊಂದು ದಾರಿ ಯಾಕೆ?

ಸುರಂಗದ ಒಳಗೆ ಕಾರು ಜುಮ್ಮಂತ ಹೋಗಬಹುದು, ಒಪ್ಪಿದೆ. ಆದರೆ ಮೇಲೆ ಬಂದೇ ಬರಬೇಕಲ್ಲ! ಬರುವುದು ಅದೇ ಸಿಲ್ಕ್ ಬೋರ್ಡಿಗೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ನಿಂತು ನೋಡಿ, ಪಾದಚಾರಿಗೂ ಜಾಗ ಇರುವುದಿಲ್ಲ. ನಡುವೆ ಲಾಲ್‌ಬಾಗ್ ಹತ್ತಿರ ಮೇಲೆ ಬರುವ ದಾರಿಯ ಮಾತೂ ಇತ್ತು. 300 ಕೋಟಿ ವರ್ಷ ಹಳೆಯ ಬಂಡೆ ಇರುವ ಜಾಗ ಸ್ವಾಮಿ ಅದು!

"ಎರಡೂ ಮಾಡಲಿ ಬಿಡಿ" ಅನ್ನುವ ಗೆಳೆಯರಿದ್ದಾರೆ. ಮಾಡಬಹುದಿತ್ತು, ಕೈಗೆತ್ತಿಕೊಂಡದ್ದನ್ನು ಮುಗಿಸುವ ಅಭ್ಯಾಸ ನಮಗಿದ್ದಿದ್ದರೆ. ಈಜಿಪುರ ಫ್ಲೈಓವರ್ ಇರುವುದು ಎರಡೂವರೆ ಕಿ.ಮೀ. 2017ರಲ್ಲಿ ಶುರುವಾದದ್ದು ಎಂಟು ವರ್ಷಕ್ಕೂ ಮೇಲೆ ಎಳೆಯಿತು. ತಲೆ ಮೇಲೆ ರಸ್ತೆ ಇಲ್ಲದ ಕಂಬಗಳು, ತುದಿಯಲ್ಲಿ ತುಕ್ಕು ಹಿಡಿದ ಕಂಬಿ, ಕೆಳಗೆ ಸಾಲಾಗಿ ನಿಲ್ಲಿಸಿದ ಗಾಡಿಗಳು. ಕೋರಮಂಗಲದ ಕಡೆ ಓಡಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದ ಮೇಲಿನ ಎರಡೂವರೆ ಕಿ.ಮೀ.ಗೆ ಇಷ್ಟು ಪಾಡು ಪಟ್ಟವರು ನೆಲದಡಿಯ 17 ಕಿ.ಮೀ. ಹೇಳಿದ ಟೈಮಿಗೆ ಮುಗಿಸುತ್ತಾರೆ ಅಂದರೆ ಹೇಗೆ ನಂಬೋದು?

ಮಲ್ಲಿಗೆಯಲ್ಲಿ ರೈಲು ಓಡಲಿ, ನೀಲಿ ಮಾರ್ಗ ಪೂರ್ತಿ ತೆರೆಯಲಿ. ಆಮೇಲೂ ಹೆಬ್ಬಾಳದಲ್ಲಿ ಜಾಮ್ ಕರಗದಿದ್ದರೆ ಸುರಂಗದ ಮಾತಾಡೋಣ. ನಾನೂ ಕೂತು ಕೇಳುತ್ತೇನೆ.

ಯಶವಂತಪುರ, ನಾಗವಾರ, ಬಾಣಸವಾಡಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹತ್ತಿರ ಮಲ್ಲಿಗೆ ಕೆಲಸ ಎಲ್ಲಿಗೆ ಬಂತು ಅಂತ ಕಾಮೆಂಟಿನಲ್ಲಿ ಹಾಕಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.