ಲಗಾಮು ಕೈಗೆ ಬರುವ ಮುನ್ನ

ಧಾರವಾಡದಲ್ಲಿ ಐವತ್ತು ದಾಟಿದವರು ಹೊಸ ವಿದ್ಯೆಗೆ ಕೈಹಾಕಿದರೆ ಅದು ಹೆಚ್ಚಾಗಿ ಹಿಂದೂಸ್ತಾನಿ ಸಂಗೀತವಾಗಿರುತ್ತದೆ. ತಿಂಗಳುಗಟ್ಟಲೆ ಬರೀ ಷಡ್ಜ ಹಿಡಿಸುವ ಗುರುಗಳನ್ನು ಈ ಊರು ತಲೆಯ ಮೇಲೆ ಹೊತ್ತು ಮೆರೆಸುತ್ತದೆ. ಆದರೆ ಕುದುರೆ ಸವಾರಿ ಕಲಿಯಲು ಬಂದವರು ಮಾತ್ರ ಎರಡನೆಯ ದಿನವೇ ನಾಗಾಲೋಟ ಕೇಳುತ್ತಾರೆ. ಹಿಂದೆ ಟಾಂಗಾ ಹೊಡೆಯುತ್ತಿದ್ದು, ಈಗ ಮದುವೆ ಮೆರವಣಿಗೆಗಾಗಿ ಕುದುರೆ ಸಾಕಿಕೊಂಡಿರುವ ನಮ್ಮ ಕಾಕಾ ಅಂಥವರಿಗೆ ನಾಗಾಲೋಟವಿರಲಿ, ಲಗಾಮನ್ನೂ ಕೊಡುವುದಿಲ್ಲ.

ಅವರ ಪಾಠ ಆರಂಭವಾಗುವುದು ಉದ್ದನೆಯ ಹಗ್ಗದಿಂದ. ಹಗ್ಗದ ಒಂದು ತುದಿ ಕುದುರೆಗೆ, ಇನ್ನೊಂದು ತುದಿ ಅವರ ಕೈಗೆ. ಕುದುರೆ ಅವರ ಸುತ್ತ ದುಂಡಗೆ ನಡೆಯುತ್ತಿರುವಾಗ ನಾವು ಜೀನಿನಿಂದ ಇಳಿಬಿದ್ದ, ಕಾಲಿಡುವ ರಿಕಾಪಿನಿಂದ ಪಾದ ತೆಗೆದು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ, ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರಕ್ಕೆ ಬರುವಂತೆ ಕೂರಬೇಕು. ಕೆಲಗೇರಿ ಕೆರೆಯ ಕಡೆ ವಾಯುವಿಹಾರಕ್ಕೆ ಬರುವ ಪರಿಚಿತರು ಆ ಭಂಗಿಯಲ್ಲಿ ನನ್ನನ್ನು ಕಂಡು ನಮಸ್ಕಾರ ಮಾಡಿದಾಗ, ತೋಳು ಮಡಚಿ ಮರುನಮಸ್ಕಾರ ಮಾಡುವ ಸ್ವಾತಂತ್ರ್ಯವೂ ನನಗಿರಲಿಲ್ಲ.

ಲಗಾಮು ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ ಕಾಕಾ ಉತ್ತರ ಹೇಳಲಿಲ್ಲ. ಲಗಾಮಿಗೆ ಸೇರಿ ಕುದುರೆಯ ಬಾಯೊಳಗೆ ಕೂರುವ ಕಡಿವಾಣವನ್ನು ನನ್ನ ಎರಡು ಮುಷ್ಟಿಗಳಲ್ಲಿ ಹಿಡಿಸಿ, ಕಣ್ಣು ಮುಚ್ಚಲು ಹೇಳಿ, ಲಗಾಮಿನ ತುದಿ ಹಿಡಿದು ಹಿಂದೆ ನಿಂತರು. ಅವರು ಕಿರುಬೆರಳು ಬಿಗಿಹಿಡಿದದ್ದೂ ನನ್ನ ಅಂಗೈಗೆ ತಿಳಿಯಿತು. ಆಮೇಲೆ, ಜೋಲಿ ತಪ್ಪಿದ ಸವಾರ ಜಗ್ಗುವಂತೆ ಒಮ್ಮೆ ಜಗ್ಗಿದರು. "ಸಾಹೇಬ್ರ, ಇದು ಕೈಯಾಗ ಇದ್ದಾಗ ಹಿಂಗ. ಬಾಯಾಗ ಹಾಕ್ಕೊಂಡ ನೋಡ್ತೀರೇನು?" ಎಂದರು. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ವಸಡಿನ ಜಾಗವೊಂದಿದ್ದು, ಕಡಿವಾಣ ಕೂರುವುದು ಅಲ್ಲಿಯೇ ಎಂಬುದನ್ನು ಬಾಯಿ ತೆರೆಸಿ ತೋರಿಸಿದರು. ಕುದುರೆಯದ್ದು, ನನ್ನದಲ್ಲ.

ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯೇರಿ ಕತ್ತಿ ಹಿಡಿದಿರುವ ಕಿತ್ತೂರು ಚೆನ್ನಮ್ಮನ ಪ್ರತಿಮೆಯ ಕೆಳಗೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದರೂ, ಒಂದು ಕೈ ಕತ್ತಿಗೆ ಹೋದ ಮೇಲೆ ಕುದುರೆಯನ್ನು ತಿರುಗಿಸುವುದು ಏನು ಎಂಬ ಪ್ರಶ್ನೆ ಈ ಹಗ್ಗದ ಪಾಠದ ನಂತರವೇ ನನಗೆ ಹೊಳೆಯಿತು. ಆ ಕೆಲಸ ಮುಖ್ಯವಾಗಿ ಸೊಂಟದ್ದು ಮತ್ತು ಕಾಲಿನದು. ಎಡಬದಿಯಿಂದಲೇ ಹತ್ತುವ ವಾಡಿಕೆಯೂ ಎಡಸೊಂಟಕ್ಕೆ ಕತ್ತಿ ಕಟ್ಟಿಕೊಳ್ಳುತ್ತಿದ್ದವರಿಂದ ಬಂದದ್ದಂತೆ. ನಮ್ಮ ಸೊಂಟದಲ್ಲಿ ಮೊಬೈಲಿನ ಚೀಲವಷ್ಟೇ ಇದ್ದರೂ ಕಾಕಾ ಆ ವಾಡಿಕೆಯನ್ನು ಸಡಿಲಿಸುವುದಿಲ್ಲ.

ನಡಿಗೆಗೂ ನಾಗಾಲೋಟಕ್ಕೂ ನಡುವಿನ ಕುಕ್ಕುಲೋಟದ ವಿಷಯ ಹೆಚ್ಚು ಹೇಳದಿರುವುದೇ ಲೇಸು. ಅದರಲ್ಲಿ ಕುದುರೆಯ ಕಾಲುಗಳು ಮೂಲೆಯಿಂದ ಮೂಲೆಗೆ ಜೋಡಿಯಾಗಿ ಎರಡು ತಾಳದಲ್ಲಿ ಬೀಳುತ್ತವೆ. ಒಂದು ತಾಳಕ್ಕೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ನಾನು ಎದ್ದಾಗ ಕುದುರೆಯ ಬೆನ್ನು ಇಳಿಯುತ್ತಿತ್ತು, ನಾನು ಇಳಿದಾಗ ಅದು ಏಳುತ್ತಿತ್ತು.

ನನ್ನ ಜೊತೆಗೆ ಕಲಿಯುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರು ಇಂಥ ಸಣ್ಣ ಸಂಗತಿಗಳಿಗೆ ಸಮಯ ಕೊಡುವವರಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಅನೇಕ ಕುದುರೆಗಳು ಮೈ ಬಿಗಿದು ಎದೆ ಉಬ್ಬಿಸಿಕೊಳ್ಳುತ್ತವೆ. ಅದಕ್ಕಾಗಿ ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯಬೇಕು. ಅವರು ಒಮ್ಮೆ ಬಿಗಿದು, ಸಹಿ ಹಾಕಿದಷ್ಟು ವಿಶ್ವಾಸದಿಂದ ರಿಕಾಪಿನಲ್ಲಿ ಕಾಲಿಟ್ಟರು. ಜೀನು ಸಾವಕಾಶವಾಗಿ ಜಾರಿ ಕುದುರೆಯ ಹೊಟ್ಟೆಯ ಕಡೆಗೆ ಬಂತು, ಅಧಿಕಾರಿಗಳು ಹೊರಟ ಜಾಗಕ್ಕೇ ಬಂದು ನಿಂತರು, ಕುದುರೆ ಮಾತ್ರ ಹಿಂದಿರುಗಿ ಕೂಡ ನೋಡಲಿಲ್ಲ.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಅಥೆನ್ಸಿನ ಲೇಖಕ ಝೆನೊಫೋನ್, ಕುದುರೆಯೊಡನೆ ಸಿಟ್ಟಿನಿಂದ ವರ್ತಿಸಬಾರದೆಂದು ಬರೆದಿದ್ದಾನೆ. ಕಾಕಾ ಅವನನ್ನು ಓದಿದವರಲ್ಲ. ಆದರೆ ಮನೆಯಲ್ಲಿ ಜಗಳವಾಡಿ ಬಂದವರ ಮುಖ ನೋಡಿಯೇ ಲಾಯದ ಬಾಗಿಲಿನಿಂದ ಹಿಂದೆ ಕಳಿಸುತ್ತಾರೆ. ಅವರ ಪ್ರಕಾರ ಕಾಲೊತ್ತಿದ್ದಕ್ಕೆ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ಆ ಕ್ಷಣವೇ ಒತ್ತುವುದನ್ನು ಬಿಡಬೇಕು, ಏಕೆಂದರೆ ಅದು ಕಲಿಯುವುದು ಒತ್ತಿದ್ದರಿಂದಲ್ಲ, ಬಿಟ್ಟದ್ದರಿಂದ. ಹಾಗೆಯೇ, ಯಾವುದರ ಬೆನ್ನಿಗೆ ವಿಶ್ರಾಂತಿಯೋ ಬೆಲ್ಲವೋ ಸಿಗುತ್ತದೆಯೋ ಅದನ್ನು ಯಾರೂ ಕಲಿಸದೆ ಹೋದರೂ ಕಲಿತುಬಿಡುತ್ತದೆ.

ಈ ತತ್ತ್ವ ಸರಿಯೆಂಬುದಕ್ಕೆ ಅವರ ಬಿಳಿ ಕುದುರೆಯೇ ಸಾಕ್ಷಿ. ವರುಷಗಟ್ಟಲೆ ಮೆರವಣಿಗೆ ಮಾಡಿದ ಅದು ಬ್ಯಾಂಡಿನ ಸದ್ದಿಗೆ ನಿಂತರೆ ವಿಶ್ರಾಂತಿ, ಹಂದರದ ಮುಂದೆ ನಿಂತರೆ ನೆನೆಸಿದ ಕಡಲೆ ಮತ್ತು ಬೆಲ್ಲ ಎಂಬ ಲೆಕ್ಕವನ್ನು ಗಟ್ಟಿಮಾಡಿಕೊಂಡಿದೆ. ಲಗಾಮು ಕೊನೆಗೂ ನನ್ನ ಕೈಗೆ ಬಂದ ಬೆಳಿಗ್ಗೆ ದಾರಿಯಲ್ಲೊಂದು ಮದುವೆ ಮನೆಯಿತ್ತು. ಬ್ಯಾಂಡು ಬಾರಿಸಿದ ಕೂಡಲೇ ಕುದುರೆ ಹಂದರದೆದುರು ಕಂಬದಂತೆ ನಿಂತಿತು. ನನ್ನ ಸೊಂಟ, ಕಾಲು, ಕಿರುಬೆರಳು ಯಾವುದನ್ನೂ ಲೆಕ್ಕಿಸಲಿಲ್ಲ. ಒಳಗಿನಿಂದ ಬಂದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಾಸಿಗೆ ಎಷ್ಟ್ರಿ?" ಎಂದರು.

"ಕುದರಿಗೆ ಎರಡ ಸಾವಿರರಿ ಯಜಮಾನ್ರ," ಎಂದು ಹಿಂದಿನಿಂದ ಬಂದ ಕಾಕಾ ಹೇಳಿದರು, "ಮ್ಯಾಲಿನವ್ರು ಇನ್ನ ಕಲಿಯಾಕತ್ತಾರ, ಅವರನ್ನ ಇಳಿಸಿ ಕೊಡ್ತೀನಿ."