ಹುಳಕ್ಕೂ ಒಂದು ಸಾಲು ಸಬ್ಬಸಿಗೆ

ಮೊನ್ನೆ ಮನೆಯವರ ವಾಟ್ಸಾಪ್ ಗುಂಪಿಗೆ ಅಣ್ಣ ಒಂದು ಫೋಟೋ ಹಾಕಿದ. ಸೋಮವಾರಪೇಟೆಯ ನಮ್ಮ ಮನೆಯ ಹಿತ್ತಲು. ಬೇಲಿ ಸಾಲಿನ ಗಿಡಗಳನ್ನೆಲ್ಲ ಸವರಿ, ನೆಲಕ್ಕೆ ಇಂಟರ್‌ಲಾಕ್ ಹಾಸಿ, ಗೋಡೆ ಪಕ್ಕ ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟಿದ್ದಾರೆ. 'ಈಗ ನೋಡೋಕೆ ಒಂದು ಲಕ್ಷಣ ಬಂತು ಅಲ್ವಾ?' ಅಂತ ಕೆಳಗೆ ಬರೆದಿದ್ದ. ಚಿಕ್ಕಮ್ಮ, ಮಾವ ಎಲ್ಲರೂ ಚಪ್ಪಾಳೆ ಹಾಕಿದರು. ನನಗೆ ಹೊಟ್ಟೆ ಉರಿಯಿತು.

ನಾನಿರುವುದು ಅಮೆರಿಕದ ಇಲಿನಾಯ್‌ನಲ್ಲಿ. ಇಲ್ಲಿ ಪಕ್ಕದ ಮನೆಯ ಅಜ್ಜಿ ಮಾಡುತ್ತಿರುವುದು ಇದರ ಪೂರ್ತಿ ಉಲ್ಟಾ. ವರ್ಷ ವರ್ಷ ಹಿತ್ತಲಿನ ಹುಲ್ಲುಹಾಸನ್ನು ಒಂದಿಷ್ಟು ಕಿತ್ತು ಮಿಲ್ಕ್‌ವೀಡ್, ಕೋನ್‌ಫ್ಲವರ್, ಬೀ ಬಾಮ್ ಅನ್ನುವ ಹೂಗಿಡಗಳನ್ನು ನೆಡುತ್ತಾರೆ. ಒಂದು ದಿನ ಬಾಗಿಲು ತಟ್ಟಿ ಕರೆದುಕೊಂಡು ಹೋಗಿ, ಮಿಲ್ಕ್‌ವೀಡ್ ಎಲೆ ಮಗುಚಿ ಮೊನಾರ್ಕ್ ಚಿಟ್ಟೆಯ ಮೊಟ್ಟೆ ತೋರಿಸಿದರು. ಪಕ್ಕದ ಎಲೆಗಳೆಲ್ಲ ತೂತು ತೂತು. ಆ ತೂತು ಕಂಡು ಅವರ ಮುಖದಲ್ಲಿ ಎಷ್ಟು ಸಂತೋಷ ಅಂತೀರಾ!

ಮೊನಾರ್ಕ್ ಚಿಟ್ಟೆಯಾಗುವ ಹುಳ ಮಿಲ್ಕ್‌ವೀಡ್ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಆ ಎಲೆಯ ವಿಷವನ್ನೇ ಮೈಯಲ್ಲಿ ತುಂಬಿಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಬರುವುದು ಕಡಿಮೆ. ಈ ಚಿಟ್ಟೆ 1975ರಿಂದ ಇಲಿನಾಯ್‌ನ ರಾಜ್ಯ ಕೀಟ. ನಮ್ಮ ಕುಶಾಲನಗರದ ಕಡೆ ರಸ್ತೆ ಬದಿಯ ಎಕ್ಕದ ಗಿಡ ಇದೆಯಲ್ಲ, ಅದು ಮಿಲ್ಕ್‌ವೀಡ್ ಕುಟುಂಬದ್ದೇ. ಅದನ್ನು ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆ ಮೊನಾರ್ಕ್‌ನ ದಾಯಾದಿ. ಇಲ್ಲಿ ಮಿಲ್ಕ್‌ವೀಡ್ ಗಿಡಕ್ಕೆ ನರ್ಸರಿಯಲ್ಲಿ ಡಾಲರ್ ಎಣಿಸುತ್ತಾರೆ.

ಅಜ್ಜಿ ಸಬ್ಬಸಿಗೆಯನ್ನೂ ಹಾಕುತ್ತಾರೆ, ಎರಡು ಸಾಲು. ಒಂದು ಅಡುಗೆಗೆ. ಇನ್ನೊಂದು ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆಯ ಹುಳಕ್ಕೆ. ಹುಳ ತಪ್ಪಿ ಅಡುಗೆಯ ಸಾಲಿಗೆ ಬಂದರೆ ಅದನ್ನು ಎತ್ತಿ ಅದರ ಸಾಲಿಗೆ ಬಿಡುತ್ತಾರೆ, ಬೈಯುವುದೂ ಇಲ್ಲ.

ನಮ್ಮಲ್ಲಿ? ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿಹುಳ ಕೂತಿರುತ್ತದೆ. ದೊಡ್ಡದಾಗುತ್ತಾ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಹಾಕಿ ವಾಸನೆ ಬಿಡುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ನಮ್ಮ ಮನೆಯಲ್ಲಿ ಅದಕ್ಕೆ ಗತಿ ಚಪ್ಪಲಿ, ಇಲ್ಲಾಂದ್ರೆ ತೋಟದಲ್ಲಿ ಮಿಕ್ಕ ಔಷಧಿ. ಕಿತ್ತಳೆ ಗಿಡದ ಎಲೆ ತಿಂದು ಬೆಳೆಯುವ ಬ್ಲೂ ಮಾರ್ಮನ್‌ಗೂ ಅದೇ ಸತ್ಕಾರ. ಮಹಾರಾಷ್ಟ್ರದವರು ಅದನ್ನೇ 2015ರಲ್ಲಿ ರಾಜ್ಯ ಚಿಟ್ಟೆ ಮಾಡಿಕೊಂಡರು. ಹುಳವನ್ನು ಹೊಸಕಿ ಹಾಕಿ, ಆಮೇಲೆ 'ಈಗೀಗ ಚಿಟ್ಟೆಗಳೇ ಕಾಣಲ್ಲ' ಅಂತ ಉಸಿರು ಬಿಡುತ್ತೇವೆ. ಹೋಂಸ್ಟೇಗಳದ್ದೂ ಇದೇ ಕಥೆ. ಬೋರ್ಡಿನ ಮೇಲೆ ಚಿಟ್ಟೆ, ಅಂಗಳದಲ್ಲಿ ಬೋಳು ಲಾನ್.

ಕೇಪಳ, ರಥಪುಷ್ಪ, ಚೆಂಡುಹೂ ಹಾಕಿದರೆ ಚಿಟ್ಟೆ ಬರುತ್ತದೆ, ನಿಜ. ಆದರೆ ಹೂವಿಗೆ ಬರುವುದು ಊಟಕ್ಕೆ ಬಂದ ನೆಂಟರ ಹಾಗೆ, ಎಲೆಗೆ ಬರುವುದು ಬಾಣಂತನಕ್ಕೆ ಬಂದ ಮಗಳ ಹಾಗೆ. ಹುಳ ತಿನ್ನುವ ಗಿಡ ಇರಬೇಕು, ಔಷಧಿ ಹೊಡೆಯಬಾರದು, ಎಲ್ಲೋ ಒಂದು ಕಡೆ ನೆಲ ಒದ್ದೆಯಾಗಿರಬೇಕು. ಬೇಸಿಗೆಯಲ್ಲಿ ತೋಡಿನ ಪಕ್ಕ ಗಂಡು ಚಿಟ್ಟೆಗಳು ಗುಂಪಾಗಿ ಕೂರುವುದು ಮಣ್ಣಿನ ಉಪ್ಪು ಹೀರೋದಕ್ಕೆ. ಇಂಟರ್‌ಲಾಕ್ ಮೇಲೆ ಏನು ಹೀರಬೇಕು, ಸಿಮೆಂಟಾ?

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅತ್ತಿಗೆ ಫೋನ್ ಕಿತ್ತುಕೊಂಡರು. 'ಮಳೆಗಾಲದಲ್ಲಿ ಬಂದು ಇದ್ದು ನೋಡು. ಜಿಗಣೆ, ಹಾವು, ಪಾಚಿ. ಮಗು ಅಲ್ಲೇ ಆಡಬೇಕು. ಅಲ್ಲಿ ಕೂತು ಹೇಳೋದು ಸುಲಭ.' ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಜೂನ್ ಬಂತು ಅಂದ್ರೆ ನಮ್ಮ ಹಿತ್ತಲಲ್ಲಿ ಗಿಡ ಬೆಳೆಸಬೇಕಾಗಿಲ್ಲ, ಅದು ಮನೆಯೊಳಗೆ ಬರದಂತೆ ತಡೆಯಬೇಕು. ಇನ್ನೂ ಒಂದು ಮಾತು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ನಾನಿರುವ ಈ ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಸೋಯಾ. ಅಲ್ಲಿದ್ದ ಮಿಲ್ಕ್‌ವೀಡ್ ಕಳೆನಾಶಕಕ್ಕೆ ಹೋಯಿತು, ಅದಕ್ಕೇ ಅಜ್ಜಿ ಹಿತ್ತಲಲ್ಲಿ ನೆಡುತ್ತಿದ್ದಾರೆ. ಅಣ್ಣನ ಹಿತ್ತಲು ಬೋಳಾದರೂ ಬೇಲಿ ದಾಟಿದರೆ ಮರದ ನೆರಳಿನ ಕಾಫಿ ತೋಟ ಇದೆ. ಮತ್ತೆ ಇಲ್ಲಿ ನಾನು ಕುಂಡದಲ್ಲಿ ಬೆಳೆಸಿ ಚಳಿಗಾಲಕ್ಕೆ ಮನೆಯೊಳಗೆ ಹೊತ್ತು ತರುವ ಕರಿಬೇವಿಗೆ ಹುಳ ಬಂದರೆ, ನಾನೂ ಅಷ್ಟು ಉದಾರಿ ಆಗಿರ್ತೀನಾ ಅನ್ನೋದು ಅನುಮಾನವೇ.

ಆದರೂ ಒಂದು ಮೂಲೆ ಬಿಡಿ ಅಂತ ನನ್ನ ಹಟ. ಅಲ್ಲಿ ಈಶ್ವರಿ ಬಳ್ಳಿ ಹಬ್ಬಿಸಬೇಕು. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಬಳ್ಳಿಯ ಮೇಲೆ. ಅಣ್ಣ ಒಪ್ಪಿದ್ದಾನೆ. ಅತ್ತಿಗೆಗೆ ಚಿಟ್ಟೆ ವಿಷಯ ಎತ್ತಿಲ್ಲ. ಈಶ್ವರಿ ಬೇರು ಇದ್ದ ಕಡೆ ಹಾವು ಸುಳಿಯಲ್ಲ ಅಂತ ಹಳಬರು ಹೇಳ್ತಾರಲ್ಲ, ಅಷ್ಟನ್ನೇ ಹೇಳಿದ್ದೇನೆ.